ಲಾರಿ ಫೈಲ್‌ನಲ್ಲಿರೋ ಕಾಗದಗಳ ಕಥೆ: ಸುಂಕದ ಕಟ್ಟೆಯಿಂದ ಇ-ವೇ ಬಿಲ್‌ವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೈವೇಲಿ ಹೋಗುವಾಗ ನಿಮ್ಮ ಪಕ್ಕದಲ್ಲಿ ಹಾದುಹೋಗೋ ಲಾರಿಗಳನ್ನ ನೋಡಿರ್ತೀರಿ. ಒಳಗೆ ಸಿಮೆಂಟ್ ಇರಬಹುದು, ಈರುಳ್ಳಿ ಇರಬಹುದು, ನೀವು ನಿನ್ನೆ ರಾತ್ರಿ ಆರ್ಡರ್ ಮಾಡಿದ ಮೊಬೈಲ್ ಕವರ್ ಕೂಡ ಇರಬಹುದು. ಲೋಡ್ ಯಾವುದೇ ಆಗಿರ್ಲಿ, ಡ್ರೈವರ್ ಸೀಟಿನ ಹತ್ತಿರ ಒಂದು ಪ್ಲಾಸ್ಟಿಕ್ ಫೈಲ್ ಮಾತ್ರ ಇದ್ದೇ ಇರುತ್ತೆ. ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ, ಪರ್ಮಿಟ್, ಎಲ್‌ಆರ್, ಇನ್ವಾಯ್ಸ್, ಇ-ವೇ ಬಿಲ್, ತೂಕದ ಚೀಟಿ. ಹೊಸದಾಗಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕೆಲಸಕ್ಕೆ ಸೇರಿದವರಿಗೆ, ಸಾಲ ಮಾಡಿ ಮೊದಲ ಗಾಡಿ ತಗೊಂಡವರಿಗೆ ಈ ಪಟ್ಟಿ ನೋಡಿದ್ರೇನೇ ತಲೆ ತಿರುಗುತ್ತೆ.

ಇವತ್ತು ಈ ಕಾಗದಗಳನ್ನ ಇತಿಹಾಸದ ಮೂಲಕ ಓದೋಣ. ಯಾಕಂದ್ರೆ ಇವು ಒಂದೇ ದಿನ ಹುಟ್ಟಿದ್ದಲ್ಲ. ಒಂದೊಂದು ಕಾಗದವೂ ಒಂದೊಂದು ಕಾಲದಲ್ಲಿ, ಯಾರೋ ಇನ್ಯಾರನ್ನೋ ನಂಬದೇ ಇದ್ದಾಗ ಹುಟ್ಟಿದೆ. ಯಾರು ಯಾರನ್ನ ನಂಬಲಿಲ್ಲ ಅಂತ ಗೊತ್ತಾದ್ರೆ, ಆ ಕಾಗದ ಯಾರನ್ನ ಕಾಪಾಡುತ್ತೆ ಅನ್ನೋದೂ ಗೊತ್ತಾಗುತ್ತೆ.

ನಾಲ್ಕು ಪ್ರಶ್ನೆ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತ ಒಂದು ಏರಿಯಾ ಇದೆ. ಹೆಸರಲ್ಲೇ ಕೆಲಸ ಇದೆ ನೋಡಿ: ಸುಂಕ ಕಟ್ಟಿಸಿಕೊಳ್ಳೋ ಕಟ್ಟೆ. ಸುಂಕ ನಮ್ಮ ನಾಡಿನಲ್ಲಿ ಎಷ್ಟು ಹಳೇದು ಅಂದ್ರೆ, 12ನೇ ಶತಮಾನದ ವಚನಕಾರರಲ್ಲೇ ಸುಂಕದ ಬಂಕಣ್ಣ ಅಂತ ಒಬ್ಬರಿದ್ದಾರೆ. ‘ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅನ್ನೋ ಗಾದೆ ಅಂತೂ ಎಲ್ಲರಿಗೂ ಗೊತ್ತು. ನಿನ್ನ ಕಷ್ಟ ಏನಾದ್ರೂ ಇರ್ಲಿ, ಕಟ್ಟೋದು ಕಟ್ಟಿ ಮುಂದಕ್ಕೆ ಹೋಗು, ಅಷ್ಟೇ.

ಸುಮಾರು 2000 ವರ್ಷ ಹಳೆಯ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುಂಕದ ಅಧಿಕಾರಿ ಬಗ್ಗೆ ಒಂದು ಅಧ್ಯಾಯವೇ ಇದೆ. ನಗರದ ಬಾಗಿಲಿಗೆ ವ್ಯಾಪಾರಿಗಳ ಗುಂಪು ಬಂದಾಗ ನಾಲ್ಕೈದು ಜನ ಅಧಿಕಾರಿಗಳು ಕೂತು ಬರೆದುಕೊಳ್ಳಬೇಕಂತೆ: ನೀವು ಯಾರು? ಎಲ್ಲಿಂದ ಬಂದ್ರಿ? ಸರಕು ಎಷ್ಟಿದೆ? ಗುರುತಿನ ಮುದ್ರೆ ಎಲ್ಲಿ ಹಾಕಿಸಿದ್ರಿ? ಮುದ್ರೆ ಇಲ್ಲದಿದ್ರೆ ಸುಂಕದ ಎರಡು ಪಟ್ಟು ದಂಡ. ಮುದ್ರೆ ನಕಲಿ ಅಂತ ಗೊತ್ತಾದ್ರೆ ಎಂಟು ಪಟ್ಟು.

ಈಗ ಇವತ್ತಿನ ಇ-ವೇ ಬಿಲ್ ತೆಗೆದು ನೋಡಿ. ಕಳಿಸಿದವರು ಯಾರು, ಎಲ್ಲಿಂದ ಎಲ್ಲಿಗೆ, ಸರಕು ಏನು, ಬೆಲೆ ಎಷ್ಟು, ಇನ್ವಾಯ್ಸ್ ನಂಬರ್ ಏನು. ಮುದ್ರೆಯ ಜಾಗಕ್ಕೆ ಕ್ಯೂಆರ್ ಕೋಡ್ ಬಂದಿದೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ.

ಇನ್ನೊಂದು ಪದ ನೆನಪಿಟ್ಟುಕೊಳ್ಳಿ: ರಹದಾರಿ. ನಮ್ಮ ಸಾರಿಗೆ ಇಲಾಖೆಯ ಕನ್ನಡದಲ್ಲಿ ಪರ್ಮಿಟ್‌ಗೆ ಇದೇ ಪದ. ಇದು ಪರ್ಷಿಯನ್‌ನಿಂದ ಬಂದದ್ದು, ‘ರಾಹ್’ ಅಂದ್ರೆ ದಾರಿ. ಮೊಘಲರ ಕಾಲದಲ್ಲಿ ರಾಹದಾರಿ ಅಂದ್ರೆ ದಾರಿಯಲ್ಲಿ ವಸೂಲಿ ಮಾಡ್ತಿದ್ದ ಸುಂಕ. ಊರೂರಿಗೆ, ಪಾಳೆಯಗಾರನಿಗೊಂದು ಕಟ್ಟೆ. ಇದು ವ್ಯಾಪಾರಿಗಳಿಗೆ ಎಷ್ಟು ತಲೆನೋವಾಗಿತ್ತು ಅಂದ್ರೆ, ಅದನ್ನ ನಿಭಾಯಿಸೋದೇ ಒಂದು ವೃತ್ತಿ ಆಯ್ತು. ಮರಾಠಿ ಸೀಮೆಯಲ್ಲಿ ಅವರಿಗೆ ಹುಂಡೇಕರಿ ಅಂತಿದ್ರು. ಸರಕು ಸಾಗಿಸೋದು, ದಾರಿಯ ಸುಂಕ ಕಟ್ಟೋದು, ಎಲ್ಲಾ ಸೇರಿಸಿ ಒಂದೇ ಗುತ್ತಿಗೆ ರೇಟು. ಆ ಜವಾಬ್ದಾರಿ ಹೊತ್ತವನೇ ಹುಂಡೇಕರಿ. ಹುಂಡೇಕರಿ ಅನ್ನೋ ಮನೆತನದ ಹೆಸರು ಈಗಲೂ ಇದೆ.

ಒಂದು ಸಾಗಣೆ ಚೀಟಿ, ಒಂದು ಯುದ್ಧ

ಈ ಕಾಗದಗಳನ್ನ ಬರೀ ಆಫೀಸಿನ ಕಿರಿಕಿರಿ ಅಂದುಕೊಂಡವರಿಗೆ ಬಂಗಾಳದ ಕಥೆ ಹೇಳಬೇಕು.

1717ರಲ್ಲಿ ಮೊಘಲ್ ಬಾದಶಹ ಫರೂಖ್‌ಸಿಯರ್ ಈಸ್ಟ್ ಇಂಡಿಯಾ ಕಂಪನಿಗೆ ಒಂದು ಫರ್ಮಾನು ಕೊಟ್ಟ. ಬಂಗಾಳದಲ್ಲಿ ವರ್ಷಕ್ಕೆ 3000 ರೂಪಾಯಿ ಕಟ್ಟಿದ್ರೆ ಸಾಕು, ಕಂಪನಿಯ ಸರಕಿಗೆ ಸುಂಕ ಇಲ್ಲ. ಸರಕು ಕಂಪನಿಯದ್ದೇ ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಕಂಪನಿ ಅಧಿಕಾರಿಗಳು ಒಂದು ಚೀಟಿ ಕೊಡ್ತಿದ್ರು. ಅದರ ಹೆಸರು ದಸ್ತಕ್. ಸುಂಕದ ಕಟ್ಟೆಯಲ್ಲಿ ದಸ್ತಕ್ ತೋರಿಸಿದ್ರೆ ದೋಣಿ, ಗಾಡಿ ಯಾವುದನ್ನೂ ತಡೆಯೋ ಹಾಗಿಲ್ಲ.

ಮುಂದೆ ಏನಾಯ್ತು ಅಂತ ಊಹಿಸೋದು ಕಷ್ಟ ಅಲ್ಲ. ಕಂಪನಿ ನೌಕರರು ತಮ್ಮ ಸ್ವಂತ ವ್ಯಾಪಾರಕ್ಕೂ ಅದೇ ಚೀಟಿ ಬಳಸೋಕೆ ಶುರು ಮಾಡಿದ್ರು. ಬೇರೆ ವ್ಯಾಪಾರಿಗಳಿಗೂ ಅದನ್ನ ಮಾರಿಕೊಂಡ್ರು. ಸುಂಕ ಕಟ್ಟೋ ಸ್ಥಳೀಯ ವ್ಯಾಪಾರಿಗೆ ಸುಂಕ ಕಟ್ಟದವನ ಜೊತೆ ಪೈಪೋಟಿ ಮಾಡೋಕಾಗಲ್ಲ. ನವಾಬನ ಖಜಾನೆಗೂ ಹೊಡೆತ. ನವಾಬ ಮೀರ್ ಖಾಸಿಂ ದೂರು ಕೊಟ್ಟು ಕೊಟ್ಟು ಸಾಕಾಗಿ 1763ರಲ್ಲಿ ಒಂದು ನಿರ್ಧಾರ ತಗೊಂಡ: ಹಾಗಾದ್ರೆ ಯಾರಿಗೂ ಸುಂಕ ಬೇಡ, ಎಲ್ಲರಿಗೂ ಮಾಫಿ.

ಕಂಪನಿಯವರು ಖುಷಿಪಡಬೇಕಿತ್ತು ಅಲ್ವಾ? ಸಿಟ್ಟಿಗೆದ್ದರು. ಎಲ್ಲರಿಗೂ ಮಾಫಿ ಆದ್ರೆ ಅವರ ಕೈಲಿದ್ದ ಚೀಟಿಗೆ ಬೆಲೆಯೇ ಇರಲ್ಲ. ಜಗಳ ಯುದ್ಧಕ್ಕೆ ತಿರುಗಿತು. 1764ರ ಅಕ್ಟೋಬರ್‌ನಲ್ಲಿ ಬಕ್ಸಾರ್ ಕದನ, 1765ರಲ್ಲಿ ಬಂಗಾಳದ ತೆರಿಗೆ ವಸೂಲಿಯ ಹಕ್ಕು ಕಂಪನಿ ಪಾಲು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ವು, ನಿಜ. ಆದ್ರೆ ಜಗಳದ ನಡುವಲ್ಲಿ ಇದ್ದದ್ದು ಸಾಗಣೆಯ ಒಂದು ಚೀಟಿ.

ಸರಕು ಕಳೆದುಹೋದ್ರೆ ಯಾರು ಹೊಣೆ?

ಇಲ್ಲಿವರೆಗೆ ನೋಡಿದ್ದು ಸರ್ಕಾರದ ಅಪನಂಬಿಕೆ: ಇವನು ತೆರಿಗೆ ತಪ್ಪಿಸ್ತಾನೆ ಅಂತ. ಎರಡನೇದು ಸರಕಿನ ಮಾಲೀಕನ ಅಪನಂಬಿಕೆ. ನನ್ನ ಮಾಲು ಇವನ ಕೈಗೆ ಕೊಟ್ಟೆ, ದಾರಿಯಲ್ಲಿ ಮಾಯ ಆದ್ರೆ?

ಇದಕ್ಕೆ ಬ್ರಿಟಿಷ್ ಭಾರತದಲ್ಲಿ ಬಂದ ಉತ್ತರ 1865ರ ಕ್ಯಾರಿಯರ್ಸ್ ಆಕ್ಟ್. ಆಗ ದೇಶದಲ್ಲಿ ಲಾರಿ ಅನ್ನೋದೇ ಇರಲಿಲ್ಲ. ಆದರೂ ಈ ಕಾನೂನು 2011ರವರೆಗೂ ನಮ್ಮ ಲಾರಿಗಳಿಗೆ ಅನ್ವಯ ಆಗ್ತಿತ್ತು. ಇದರಲ್ಲಿ ಒಂದು ಪದ ಇದೆ, ‘ಕಾಮನ್ ಕ್ಯಾರಿಯರ್’. ಅಂದ್ರೆ ಬಾಡಿಗೆ ಕೊಡೋ ಯಾರ ಸರಕನ್ನಾದ್ರೂ ಭೇದ ಮಾಡದೆ ಸಾಗಿಸೋನು. ಅಂಥವನ ಕೈಲಿ ಸರಕು ಹಾಳಾದ್ರೆ, ಅವನು ಅಜಾಗರೂಕತೆ ತೋರಿಸಿದ ಅಂತ ಮಾಲೀಕ ಸಾಬೀತು ಮಾಡಬೇಕಾಗಿಲ್ಲ. ಸರಕು ಕೊಟ್ಟಿದ್ದೆ, ಸರಿಯಾಗಿ ತಲುಪಲಿಲ್ಲ, ಅಷ್ಟು ತೋರಿಸಿದ್ರೆ ಸಾಕು.

ಆ ‘ಕೊಟ್ಟಿದ್ದೆ’ ಅನ್ನೋದಕ್ಕೆ ಸಾಕ್ಷಿ ಬೇಕಲ್ಲ? ಅದೇ ಎಲ್‌ಆರ್, ಲಾರಿ ರಸೀದಿ. ಬಿಲ್ಟಿ, ಜಿಸಿ ನೋಟ್, ಕನ್‌ಸೈನ್‌ಮೆಂಟ್ ನೋಟ್ ಅಂತ ಕೇಳಿದ್ರೂ ಗಾಬರಿ ಆಗಬೇಡಿ, ಒಂದೇ ಕಾಗದಕ್ಕೆ ಬೇರೆ ಬೇರೆ ಹೆಸರು. ಅದರ ಮೇಲೆ ಕನ್‌ಸೈನರ್ ಅಂದ್ರೆ ಕಳಿಸೋರು, ಕನ್‌ಸೈನೀ ಅಂದ್ರೆ ಪಡೆಯೋರು. ‘ಪೇಯ್ಡ್’ ಅಂತಿದ್ರೆ ಬಾಡಿಗೆ ಕಳಿಸೋರು ಮೊದಲೇ ಕೊಟ್ಟಾಗಿದೆ. ‘ಟು-ಪೇ’ ಅಂತಿದ್ರೆ ಮಾಲು ಇಳಿಸಿಕೊಳ್ಳೋರು ಕೊಡಬೇಕು. ‘ಟಿಬಿಬಿ’ ಅಂತಿದ್ರೆ ಆಮೇಲೆ ಲೆಕ್ಕ ಹಾಕಿ ಪಾರ್ಟಿಗೆ ಬಿಲ್ ಕಳಿಸ್ತಾರೆ. ಟು-ಪೇ ಎಲ್‌ಆರ್ ಅನ್ನ ಗಮನಿಸದೆ ಬಾಡಿಗೆ ವಸೂಲಿ ಮಾಡದೇ ಮಾಲು ಇಳಿಸಿದ್ರೆ, ಆಮೇಲೆ ಆ ದುಡ್ಡಿಗೆ ಅಲೆಯೋದು ನೀವೇ.

1865ರ ಕಾನೂನಿನ ಜಾಗಕ್ಕೆ 2007ರಲ್ಲಿ ಕ್ಯಾರೇಜ್ ಬೈ ರೋಡ್ ಆಕ್ಟ್ ಪಾಸಾಯ್ತು, 2011ರಿಂದ ಜಾರಿ. ಹೊಸ ಕಾನೂನು ಎರಡು ಕಾಗದಗಳನ್ನ ಬೇರೆ ಮಾಡಿತು. ಸರಕು ಕಳಿಸೋನು ಸಹಿ ಹಾಕಿ ಕೊಡೋದು ಫಾರ್ವರ್ಡಿಂಗ್ ನೋಟ್: ಸರಕು ಇದು, ಬೆಲೆ ಇಷ್ಟು. ಅದನ್ನ ನೋಡಿ ಸಾಗಣೆದಾರ ಕೊಡೋದು ಗೂಡ್ಸ್ ರಸೀದಿ. ಜೊತೆಗೆ ಹೊಣೆಗೆ ಒಂದು ಮಿತಿ ಬಂತು: ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟು, ಅದೂ ಘೋಷಿಸಿದ ಬೆಲೆ ಮೀರದ ಹಾಗೆ. ಲೆಕ್ಕ ಹಾಕಿ ನೋಡಿ. 1 ಲಕ್ಷದ ಸರಕಿಗೆ ನೀವು ಕೊಟ್ಟ ಬಾಡಿಗೆ 2000 ರೂಪಾಯಿ. ಸರಕು ಕಳೆದುಹೋದ್ರೆ ಕೈಗೆ ಬರೋದು ಹೆಚ್ಚಂದ್ರೆ 20,000. ಪೂರ್ತಿ ರಕ್ಷಣೆ ಬೇಕಾದ್ರೆ ಹೆಚ್ಚಿನ ರಿಸ್ಕ್ ರೇಟು ಕೊಡಬೇಕು, ಇಲ್ಲಾ ಇನ್ಶೂರೆನ್ಸ್ ಮಾಡಿಸಬೇಕು. ದಾವೆ ಹೂಡೋಕೆ ಮುಂಚೆ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಎಲ್‌ಆರ್ ಮೇಲೆ ‘ಓನರ್ಸ್ ರಿಸ್ಕ್’ ಅಂತ ರಬ್ಬರ್ ಸ್ಟ್ಯಾಂಪ್ ಒತ್ತಿರ್ತಾರಲ್ಲ, ಆ ಎರಡು ಪದದ ಹಿಂದೆ 150 ವರ್ಷದ ಈ ಎಳೆದಾಟ ಇದೆ.

ಕಾಗದದ ಮೇಲೆ ಸಾಲ

ಮೂರನೇ ಅಪನಂಬಿಕೆ ಮಾರೋನಿಗೂ ಕೊಳ್ಳೋನಿಗೂ ನಡುವಿನದ್ದು. ದುಡ್ಡು ಬರದೆ ಮಾಲು ಕೊಡಲ್ಲ ಅಂತ ಇವನು, ಮಾಲು ನೋಡದೆ ದುಡ್ಡು ಕೊಡಲ್ಲ ಅಂತ ಅವನು. ನಡುವೆ ಬ್ಯಾಂಕ್ ಬಂತು. ಮಾರೋನು ಸಾಗಣೆ ರಸೀದಿಯನ್ನ ಬ್ಯಾಂಕಿಗೆ ಕೊಡ್ತಾನೆ. ಕೊಳ್ಳೋನು ಬ್ಯಾಂಕಿಗೆ ದುಡ್ಡು ಕಟ್ಟಿ ರಸೀದಿ ಬಿಡಿಸಿಕೊಳ್ತಾನೆ. ರಸೀದಿ ತೋರಿಸಿದವನಿಗೆ ಮಾತ್ರ ಮಾಲು.

ಮೊದಲು ಇದು ನಡೆದದ್ದು ರೈಲ್ವೆ ರಸೀದಿ ಮೇಲೆ. ಒಂದು ಪ್ರಸಿದ್ಧ ಕೇಸ್ ಇದೆ. ಥಾಣೆಯಿಂದ ದೆಹಲಿ ಪಕ್ಕದ ಓಖ್ಲಾಗೆ ರೈಲಲ್ಲಿ ಕೆಲವು ಪೆಟ್ಟಿಗೆ ಹೊರಟವು. ರಸೀದಿಯಲ್ಲಿ ಇದ್ದದ್ದು ಮೆಂಥಾಲ್. ಕಳಿಸಿದವರು ಆ ರಸೀದಿಗಳನ್ನ ಅಡ ಇಟ್ಟು ಮೋರ್ವಿ ಮರ್ಕಂಟೈಲ್ ಬ್ಯಾಂಕಿನಿಂದ ಸಾಲ ತಗೊಂಡ್ರು. ಕೊನೆಗೆ ರೈಲ್ವೆ ಕೊಡೋಕೆ ಬಂದ ಪೆಟ್ಟಿಗೆಗಳಲ್ಲಿ ಮೆಂಥಾಲ್ ಬದಲು ಕಾಸ್ಟಿಕ್ ಸೋಡಾ ಇದೆ ಅಂತ ಬ್ಯಾಂಕ್ ಮಾಲು ತಗೊಳ್ಳಲಿಲ್ಲ. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1965ರಲ್ಲಿ ಬಹುಮತದ ತೀರ್ಪು ಬ್ಯಾಂಕಿನ ಪರ ಬಂತು: ರೈಲ್ವೆ ರಸೀದಿಯನ್ನ ಅಡ ಇಟ್ಟರೆ ಸರಕನ್ನೇ ಅಡ ಇಟ್ಟ ಹಾಗೆ.

ಆದ್ರೆ ಒಂದು ವ್ಯತ್ಯಾಸ ಗಮನಿಸಿ. 1930ರ ಸರಕು ಮಾರಾಟ ಕಾಯ್ದೆ, ಸರಕಿನ ಮೇಲಿನ ಹಕ್ಕು ತೋರಿಸೋ ದಾಖಲೆಗಳ ಪಟ್ಟಿಯಲ್ಲಿ ರೈಲ್ವೆ ರಸೀದಿಯನ್ನ ಹೆಸರು ಹೇಳಿ ಸೇರಿಸಿದೆ. ಲಾರಿ ರಸೀದಿಯ ಹೆಸರು ಅಲ್ಲಿಲ್ಲ. ಹಾಗಾಗಿ ಎಂಥಾ ಟ್ರಾನ್ಸ್‌ಪೋರ್ಟ್ ಕಂಪನಿಯ ಎಲ್‌ಆರ್ ನಂಬಬಹುದು ಅನ್ನೋದು ಬ್ಯಾಂಕುಗಳಿಗೆ ದೊಡ್ಡ ಪ್ರಶ್ನೆ ಆಯ್ತು. ಬ್ಯಾಂಕುಗಳ ಸಂಘ ಐಬಿಎ, ನಂಬಬಹುದಾದ ಟ್ರಾನ್ಸ್‌ಪೋರ್ಟ್‌ಗಳದ್ದೇ ಒಂದು ಪಟ್ಟಿ ಇಟ್ಟುಕೊಳ್ತು. ಟ್ರಾನ್ಸ್‌ಪೋರ್ಟ್ ಆಫೀಸಿನ ಬೋರ್ಡ್ ಮೇಲೆ ‘ಐಬಿಎ ಅಪ್ರೂವ್ಡ್’ ಅಂತ ದೊಡ್ಡದಾಗಿ ಬರೆಸಿರೋದು ಇದಕ್ಕೇ.

ಹಣೆ ಮೇಲೆ ‘ಪಬ್ಲಿಕ್ ಕ್ಯಾರಿಯರ್’

ಹಳೇ ಸಿನಿಮಾಗಳಲ್ಲಿ ಲಾರಿಯ ಹಣೆ ಮೇಲೆ ‘ಪಬ್ಲಿಕ್ ಕ್ಯಾರಿಯರ್’ ಅಂತ ಬರೆದಿರೋದನ್ನ ನೋಡಿರ್ತೀರಿ. ಅದು 1939ರ ಮೋಟಾರು ವಾಹನ ಕಾಯ್ದೆಯ ಗುರುತು. ಬಾಡಿಗೆಗೆ ಬೇರೆಯವರ ಮಾಲು ಹೊತ್ತರೆ ಪಬ್ಲಿಕ್ ಕ್ಯಾರಿಯರ್, ಸ್ವಂತ ವ್ಯಾಪಾರದ ಮಾಲು ಹೊತ್ತರೆ ಪ್ರೈವೇಟ್ ಕ್ಯಾರಿಯರ್. ಎರಡಕ್ಕೂ ಬೇರೆ ಬೇರೆ ಪರ್ಮಿಟ್.

ಈ ಕಾಯ್ದೆಯ ಹಿಂದೆ ರೈಲಿನ ಕಥೆ ಇದೆ. 1930ರ ದಶಕದ ಆರಂಭದಲ್ಲಿ ಮೋಟಾರು ಗಾಡಿಗಳು ರೈಲ್ವೆಯ ಆದಾಯ ಕಿತ್ತುಕೊಳ್ತಿವೆ ಅನ್ನೋ ಆತಂಕ ಹುಟ್ಟಿ, ಮಿಚೆಲ್ ಮತ್ತು ಕಿರ್ಕ್‌ನೆಸ್ ಅನ್ನೋ ಇಬ್ಬರು ಅಧಿಕಾರಿಗಳಿಂದ ವರದಿ ತರಿಸಿಕೊಂಡ್ರು. ಆ ಚರ್ಚೆಗಳ ಕೊನೆಗೆ ಬಂದದ್ದೇ ಪರ್ಮಿಟ್ ವ್ಯವಸ್ಥೆ. ಪರ್ಮಿಟ್ ಒಂದು ಪ್ರದೇಶಕ್ಕೆ ಮಾತ್ರ. ಬೇರೆ ಪ್ರದೇಶಕ್ಕೆ ಹೋಗಬೇಕಾದ್ರೆ ಅಲ್ಲಿನ ಪ್ರಾಧಿಕಾರ ಅದರ ಮೇಲೆ ಮತ್ತೆ ಸಹಿ ಹಾಕಬೇಕು. ಒಂದು ದೇಶ, ಆದ್ರೆ ಲಾರಿಗೆ ಹತ್ತಾರು ದೇಶ.

1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂತು. ಅದರ ಮರುವರ್ಷ, 1976ರಲ್ಲಿ, ಗದಗದಲ್ಲಿ ವಿಜಯ ಸಂಕೇಶ್ವರ ಅವರು ಒಂದೇ ಒಂದು ಲಾರಿಯಿಂದ ವ್ಯವಹಾರ ಶುರು ಮಾಡಿದ್ರು. ಅದು ಮುಂದೆ ವಿಆರ್‌ಎಲ್ ಆಗಿ ಬೆಳೆದದ್ದು ಎಲ್ಲರಿಗೂ ಗೊತ್ತು. ಆಗಿನ ನ್ಯಾಷನಲ್ ಪರ್ಮಿಟ್ ಹೆಸರಿಗೆ ನ್ಯಾಷನಲ್ ಆದ್ರೂ, ಬೇಕಾದ ರಾಜ್ಯಗಳನ್ನ ಆರಿಸಿಕೊಂಡು ಒಂದೊಂದಕ್ಕೂ ಬೇರೆ ಬೇರೆ ತೆರಿಗೆ ಕಟ್ಟಬೇಕಿತ್ತು. 1988ರ ಹೊಸ ಕಾಯ್ದೆ ಪಬ್ಲಿಕ್-ಪ್ರೈವೇಟ್ ಭೇದ ತೆಗೆದುಹಾಕಿತು, ಎಲ್ಲಾ ‘ಗೂಡ್ಸ್ ಕ್ಯಾರೇಜ್’ ಆದ್ವು. 2010ರ ಮೇ ತಿಂಗಳಿಂದ ವರ್ಷಕ್ಕೆ 15,000 ರೂಪಾಯಿ ಒಟ್ಟು ಶುಲ್ಕ ಕಟ್ಟಿದ್ರೆ ಇಡೀ ದೇಶಕ್ಕೆ ಪರ್ಮಿಟ್ ಅನ್ನೋ ಪದ್ಧತಿ ಬಂತು. ಮುಂದೆ ಆ ಮೊತ್ತ ಬದಲಾಯ್ತು. ಎಲ್ಲಾ ಸೇರಿಸಿ ಒಂದೇ ರೇಟು ಅಂದ ತಕ್ಷಣ ಹುಂಡೇಕರಿ ನೆನಪಾದ್ನಾ?

ಚೆಕ್‌ಪೋಸ್ಟ್ ಹೋಯ್ತು, ಫೋನ್ ಬಂತು

ಪರ್ಮಿಟ್ ಸರಿ ಇದ್ರೂ ಗಡಿಯಲ್ಲಿ ಗಾಡಿ ನಿಲ್ತಿತ್ತು. ಕಾರಣ ತೆರಿಗೆ. ಊರ ಬಾಗಿಲಲ್ಲಿ ವಸೂಲಿ ಮಾಡೋ ಆಕ್ಟ್ರಾಯ್ ಅನ್ನ ಕರ್ನಾಟಕ 1979ರಲ್ಲೇ ತೆಗೆದು ಪ್ರವೇಶ ತೆರಿಗೆ ತಂದಿತು. ಮುಂಬೈನಲ್ಲಿ ಮುಲುಂಡ್, ದಹಿಸರ್ ನಾಕಾಗಳ ಮುಂದೆ ಲಾರಿಗಳ ಸಾಲು 2017ರ ಜೂನ್ ಕೊನೆಯವರೆಗೂ ಇತ್ತು. ಅತ್ತಿಬೆಲೆಯಂಥ ರಾಜ್ಯದ ಗಡಿಗಳಲ್ಲೂ ಕಾಗದ ತೋರಿಸಿ ಸೀಲ್ ಹಾಕಿಸಿಕೊಳ್ಳೋಕೆ ಗಂಟೆಗಟ್ಟಲೆ ಕಾಯಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೆಚ್ಚಿನ ರಾಜ್ಯಗಳಲ್ಲಿ ಎದ್ದುಹೋದವು.

ಆ ಜಾಗಕ್ಕೆ ಬಂದ ಇ-ವೇ ಬಿಲ್‌ಗೆ ಕರ್ನಾಟಕದ ನಂಟಿದೆ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇ-ಸುಗಮ್ ಅನ್ನೋ ಆನ್‌ಲೈನ್ ವ್ಯವಸ್ಥೆ ಜಿಎಸ್‌ಟಿಗೂ ಮೊದಲೇ ಇತ್ತು. ಸರಕು ಹೊರಡೋಕೆ ಮುಂಚೆ ವಿವರ ತುಂಬಿ ಒಂದು ನಂಬರ್ ತಗೊಳ್ಳೋದು. ಅದೇ ಅನುಭವ ದೇಶದ ಇ-ವೇ ಬಿಲ್‌ಗೆ ದಾರಿ ಮಾಡಿತು. 2018ರ ಫೆಬ್ರವರಿ 1ರಂದು ದೇಶಾದ್ಯಂತ ಶುರು ಮಾಡೋಕೆ ಹೋದಾಗ ಮೊದಲ ದಿನವೇ ಸಿಸ್ಟಮ್ ಕೈಕೊಟ್ಟಿತು. ಏಪ್ರಿಲ್ 1ರಿಂದ ಮತ್ತೆ ಶುರುವಾದಾಗ, ರಾಜ್ಯದ ಒಳಗಿನ ಸಾಗಣೆಗೂ ಅದನ್ನ ಮೊದಲು ಜಾರಿ ಮಾಡಿದ್ದು ಕರ್ನಾಟಕ.

ಇದರಲ್ಲಿ ಎರಡು ಭಾಗ. ಪಾರ್ಟ್ ಎ ಸರಕಿನದ್ದು: ಇನ್ವಾಯ್ಸ್, ಬೆಲೆ, ಜಿಎಸ್‌ಟಿ ನಂಬರ್. ಪಾರ್ಟ್ ಬಿ ಗಾಡಿಯದ್ದು: ವಾಹನದ ನಂಬರ್. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಲಾರಿಗೆ ಮಾಲು ತುಂಬಿಸಿದ್ರೆ ಪಾರ್ಟ್ ಬಿ ಅಪ್‌ಡೇಟ್ ಮಾಡಲೇಬೇಕು. ಸಾಮಾನ್ಯವಾಗಿ 50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಇದು ಬೇಕು. ಅವಧಿ ಮೊದಲು 100 ಕಿ.ಮೀ.ಗೆ ಒಂದು ದಿನ ಇತ್ತು, 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ. 600 ಕಿ.ಮೀ. ದಾರಿಗೆ 3 ದಿನ. ಮುಗಿದುಹೋಗೋ ಹಾಗಿದ್ರೆ, ಮುಗಿಯೋ 8 ಗಂಟೆ ಮೊದಲಿಂದ 8 ಗಂಟೆ ನಂತರದವರೆಗೆ ವಿಸ್ತರಿಸಬಹುದು.

ನಡುವೆ ನಿಂತವನು

ಈಗ ಆ ಪ್ಲಾಸ್ಟಿಕ್ ಫೈಲ್ ಮತ್ತೆ ತೆಗೀರಿ. ಪರ್ಮಿಟ್, ಇ-ವೇ ಬಿಲ್ ಸರ್ಕಾರಕ್ಕೆ. ಎಲ್‌ಆರ್ ಸರಕಿನ ಮಾಲೀಕನಿಗೆ. ಇನ್ವಾಯ್ಸ್ ಮಾರೋನು-ಕೊಳ್ಳೋನಿಗೆ. ಹಾಗಾದ್ರೆ ಗಾಡಿ ಓಡಿಸೋನಿಗೆ? ಈ ಕಾಗದಗಳಲ್ಲಿ ಹೆಚ್ಚಿನವನ್ನ ಅವನು ಬರೆದಿಲ್ಲ, ಆದ್ರೆ ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಲ್ಲಿ ಉತ್ತರ ಕೊಡೋನು ಅವನೇ. ಇ-ವೇ ಬಿಲ್ ಇಲ್ಲದ ಸರಕು ಸಿಕ್ಕಿಬಿದ್ರೆ ತೆರಿಗೆಯ 200 ಪರ್ಸೆಂಟ್‌ವರೆಗೂ ದಂಡ ಇದೆ, ಮತ್ತು ಸರಕಿನ ಜೊತೆ ಲಾರೀನೂ ನಿಲ್ಲುತ್ತೆ. ಲಾರಿ ನಿಂತ್ರೂ ಇಎಂಐ ನಿಲ್ಲಲ್ಲ.

ಹಾಗಾಗಿ ಹೊಸಬರು ಕೆಲವು ವಿಷಯ ಗೊತ್ತು ಮಾಡಿಕೊಂಡಿರಬೇಕು. ಸಣ್ಣ ತಪ್ಪಿಗೆ ದೊಡ್ಡ ದಂಡ ಹಾಕೋ ಹಾಗಿಲ್ಲ ಅಂತ 2018ರ ಸೆಪ್ಟೆಂಬರ್ 14ರ ಕೇಂದ್ರದ ಸುತ್ತೋಲೆ ಇದೆ, ಅದರ ನಂಬರ್ 64. ಗಾಡಿ ನಂಬರ್‌ನಲ್ಲಿ ಒಂದೆರಡು ಅಂಕಿ ತಪ್ಪಾಗಿದ್ರೆ, ಹೆಸರಿನ ಸ್ಪೆಲಿಂಗ್ ತಪ್ಪಾಗಿದ್ರೆ, ಒಟ್ಟು 1000 ರೂಪಾಯಿ ದಂಡದಲ್ಲಿ ಮುಗಿಯಬೇಕು. ಇದನ್ನ ಫೋನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಲೋಡ್ ಆದ ಮೇಲೆ ವೇಬ್ರಿಡ್ಜ್ ಚೀಟಿ ನೋಡಿ. ಗ್ರಾಸ್ ಅಂದ್ರೆ ಗಾಡಿ ಮತ್ತು ಮಾಲು ಸೇರಿದ ತೂಕ, ಟೇರ್ ಅಂದ್ರೆ ಖಾಲಿ ಗಾಡಿ ತೂಕ, ನೆಟ್ ಅಂದ್ರೆ ಬರೀ ಮಾಲು. ಗ್ರಾಸ್ ತೂಕ ಆರ್‌ಸಿಯಲ್ಲಿರೋ ಜಿವಿಡಬ್ಲ್ಯೂ ದಾಟಿದ್ರೆ ಅದು ಓವರ್‌ಲೋಡ್. ನೆಟ್ ತೂಕ ಎಲ್‌ಆರ್‌ನಲ್ಲಿ ಬರೆದಿದ್ದಕ್ಕೆ ಹೊಂದಬೇಕು. ಹೊಂದದಿದ್ರೆ ಇಳಿಸೋ ಜಾಗದಲ್ಲಿ ‘ಶಾರ್ಟೇಜ್’ ಅಂತ ಬಾಡಿಗೆಯಲ್ಲಿ ಮುರಿದುಕೊಳ್ತಾರೆ.

ಕೊನೇದು ಪಿಒಡಿ. ಮಾಲು ತಲುಪಿದೆ ಅಂತ ಪಡೆದವನು ಸಹಿ, ಸೀಲ್ ಹಾಕಿದ ಎಲ್‌ಆರ್ ಪ್ರತಿ. ಬಾಕಿ ಬಾಡಿಗೆ ಸಾಮಾನ್ಯವಾಗಿ ಈ ಕಾಗದ ಕೈಗೆ ಸೇರಿದ ಮೇಲೇ ಕೊಡೋದು. ಗಾಡಿ ಬಂದ ಸಮಯ, ಖಾಲಿಯಾದ ಸಮಯ ಎರಡನ್ನೂ ಅದರ ಮೇಲೆ ಬರೆಸಿ. ಎರಡು ದಿನ ಕಾಯಿಸಿದ್ರೆ ಹಾಲ್ಟಿಂಗ್ ಚಾರ್ಜ್ ಕೇಳೋಕೆ ಅದೇ ಆಧಾರ. ಇಷ್ಟೆಲ್ಲಾ ಕಾಗದಗಳ ನಡುವೆ ಗಾಡಿಯವನ ಪರವಾಗಿ ಮಾತಾಡೋ ಕಾಗದ ಇದೊಂದೇ. ಅಂಗಳದಲ್ಲಿ ನಿಂತಿರುವಾಗಲೇ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ, ಅಸಲನ್ನ ಫೈಲಿಗೆ ಹಾಕಿ, ಆಮೇಲೆ ಗಾಡಿ ಸ್ಟಾರ್ಟ್ ಮಾಡಿ.

ಈ ಸಂಚಿಕೆ ಇಷ್ಟಕ್ಕೆ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಲಾರಿ ಓಡಿಸೋರು ಇದ್ರೆ ಅವರಿಗೂ ಕೇಳಿಸಿ.